ಹುಬ್ಬಳ್ಳಿ ರೈಲನ್ನ ಶಿವಮೊಗ್ಗ ಮೇಲೆ ತಿರುಗಿಸ್ಬಹುದಾ?

ಪ್ರಶ್ನೆ: ಸರ್, ನಾವು ಸಾಗರದವ್ರು. ಮಗಳು ಧಾರವಾಡದಲ್ಲಿ ಓದ್ತಿದಾಳೆ, ಹೋಗಿ ಬರೋಕೆ ಬಸ್ಸೇ ಗತಿ, ಮಳೆಗಾಲದಲ್ಲಂತೂ ರಾತ್ರಿ ಬಸ್ಸಿಗೆ ಕಳ್ಸೋಕೆ ಮನಸ್ಸೇ ಆಗಲ್ಲ. ಬೆಂಗಳೂರಿಂದ ಹುಬ್ಬಳ್ಳಿ ಕಡೆಗೆ ಅಷ್ಟೊಂದು ರೈಲು ಬೀರೂರು ದಾಟಿ ಹೋಗ್ತವಲ್ಲ, ಅದ್ರಲ್ಲಿ ಒಂದನ್ನಾದ್ರೂ ಶಿವಮೊಗ್ಗ ಮೇಲೆ ತಿರುಗಿಸೋಕೆ ಏನು ಕಷ್ಟ? ಊರಲ್ಲಿ ಮನವಿಗೆ ಸಹಿ ಹಾಕಿಸ್ತಿದೀವಿ.

ಉತ್ತರ: ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಆದ್ರೆ ಮನವಿಯಲ್ಲಿ ಇದನ್ನೇ ಬರೆದ್ರೆ ‘ಕಾರ್ಯಸಾಧ್ಯವಲ್ಲ’ ಅಂತ ಒಂದೇ ಸಾಲಿನ ಉತ್ತರ ಬರತ್ತೆ, ಅಷ್ಟು ಜನರ ಸಹಿ ವ್ಯರ್ಥ ಆಗ್ಬಾರ್ದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಬೀರೂರಿಂದ ಭದ್ರಾವತಿ, ಶಿವಮೊಗ್ಗ, ಅರಸಾಳು, ಸಾಗರಕ್ಕೆ ಬರೋದು ಕವಲು ಲೈನು, ತಾಳಗುಪ್ಪದಲ್ಲಿ ಮುಗಿದೋಗತ್ತೆ, ಮುಂದಕ್ಕೆ ದಾರಿ ಇಲ್ಲ. ಅಂದ್ಮೇಲೆ ಶಿವಮೊಗ್ಗಕ್ಕೆ ಬಂದ ಹುಬ್ಬಳ್ಳಿ ರೈಲು ಅದೇ ದಾರೀಲಿ ವಾಪಸ್ ಬೀರೂರಿಗೆ ಹೋಗ್ಬೇಕು, ಹೋಗ್ತಾ ಬರ್ತಾ ಸುಮಾರು 125 ಕಿ.ಮೀ ಸುಮ್ನೆ ಹೆಚ್ಚಿಗೆ. ಅದಕ್ಕಿಂತ ದೊಡ್ಡ ತೊಡಕು ಇಂಜಿನ್ನಿಂದು. ಶಿವಮೊಗ್ಗ ಲೈನು ಬೀರೂರಲ್ಲಿ ಬೆಂಗಳೂರು ಕಡೆಗೆ ಮುಖ ಮಾಡಿ ಸೇರತ್ತೆ, ಹಾಗಾಗಿ ಇಂಜಿನ್ ಶಿವಮೊಗ್ಗದಲ್ಲಿ ಒಂದ್ಸಲ ತಿರುಗಬೇಕು, ಬೀರೂರಲ್ಲಿ ಇನ್ನೊಂದ್ಸಲ. ಇಂಜಿನ್ ಕಳಚಿ, ಪಕ್ಕದ ಲೈನಲ್ಲಿ ತಂದು ಆ ತುದಿಗೆ ಜೋಡಿಸಿ, ಬ್ರೇಕ್ ಪೈಪಿಗೆ ಗಾಳಿ ತುಂಬಿಸಿ, ಡ್ರೈವರ್ ಮುಂದಿನ ಗೇಜಲ್ಲಿ 5 ಕೆಜಿ ಪ್ರೆಶರ್ ಬಂದ್ರೂ ಸಾಲ್ದು, ಕೊನೇ ಬೋಗಿಯಲ್ಲಿ ಗಾರ್ಡ್ ಹತ್ರ ಇರೋ ಗೇಜಲ್ಲೂ ಪ್ರೆಶರ್ ಸರಿಯಾಗಿ ಬಂದ್ಮೇಲೇ ರೈಲು ಹೊರಡೋದು. ಪ್ರತಿ ಸಲಕ್ಕೂ ಇಪ್ಪತ್ತು ನಿಮಿಷ, ಅರ್ಧ ಗಂಟೆ ಹಿಡಿಯತ್ತೆ. ಜೊತೆಗೆ ನಮ್ದು ಸಿಂಗಲ್ ಲೈನು, ಎದುರಿಂದ ರೈಲು ಬಂದ್ರೆ ಕ್ರಾಸಿಂಗಿಗೆ ಕಾಯ್ಲೇಬೇಕು. ಎಲ್ಲಾ ಸೇರಿ ಮೂರು ಗಂಟೆ ಹೆಚ್ಚು ಕೂರೋಕೆ ಬೆಂಗಳೂರಲ್ಲಿ ಹತ್ತಿದ ಹುಬ್ಬಳ್ಳಿಯವ್ರು ಯಾಕೆ ಒಪ್ತಾರೆ ಹೇಳಿ.

ಇಂಜಿನ್ ತಿರುಗಿಸೋದು ತಪ್ಪಿಸೋಕೆ ಒಂದು ದೊಡ್ಡ ಊರನ್ನೇ ಬಿಟ್ಟು ಹೋಗೋ ರೈಲೂ ಇದೆ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಮಂಗಳೂರಿನ ಸ್ಟೇಷನ್ನುಗಳ ಒಳಗೆ ಹೋಗದೇ ಪಡೀಲ್ ಬೈಪಾಸಲ್ಲಿ ಸೀದಾ ಸುರತ್ಕಲ್ ಕಡೆ ಹೋಗತ್ತೆ, ಉಡುಪಿ, ಕುಂದಾಪುರದವ್ರಿಗೆ ಅದ್ರಿಂದ ಬಹಳ ಅನುಕೂಲ ಆಗಿದೆ.

ನಮಗೆ ನಿಜವಾದ ದಾರಿ ಅಂದ್ರೆ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಲೈನು, ಸುಮಾರು 103 ಕಿ.ಮೀ. ಇದು ಪೂರ್ತಿಯಾದ್ರೆ ಹುಬ್ಬಳ್ಳಿ ರೈಲು ಶಿವಮೊಗ್ಗದಿಂದ ವಾಪಸ್ ಬರಬೇಕಾಗಿಲ್ಲ, ಬೀರೂರಲ್ಲಿ ಕವಲು ಹಿಡಿದ ರೈಲು ಇಂಜಿನ್ ತಿರುಗಿಸದೇ ರಾಣೆಬೆನ್ನೂರಲ್ಲಿ ಮತ್ತೆ ಹುಬ್ಬಳ್ಳಿ ಲೈನಿಗೆ ಸೇರ್ಕೊಳತ್ತೆ, ಮೇನ್ ಲೈನಿಗೆ ಹೋಲಿಸಿದ್ರೆ ದೂರ ಅಂಥಾ ಜಾಸ್ತಿ ಏನಲ್ಲ. ನಾನಾಗಿದ್ರೆ ಮನವಿಯ ಮೊದಲ ಸಾಲಲ್ಲೇ ಈ ಕೆಲಸ ಬೇಗ ಮುಗಿಸಿ ಅಂತ ಬರೀತಿದ್ದೆ, ಯಾಕಂದ್ರೆ ಮಲೆನಾಡಿನ ಉಳಿದ ಎಲ್ಲಾ ರೈಲು ಬೇಡಿಕೆಗಳ ಬೀಗ ಇರೋದು ಇಲ್ಲೇ.

ಆದ್ರೆ ಆಗ್ಲೂ ಒಂದು ಮಾತು ನೆನಪಿರ್ಲಿ. ಈ ಕಡೆ ತಿರುಗಿದ ರೈಲಿಗೆ ಚಿಕ್ಕಜಾಜೂರು, ದಾವಣಗೆರೆ, ಹರಿಹರ ತಪ್ಪಿಹೋಗತ್ತೆ. ಅಲ್ಲಿನ ಜನ ದಿನಾ ಹತ್ತೋ ಹಗಲು ರೈಲನ್ನ ಕಿತ್ಕೊಂಡ್ರೆ ಜಗಳ ಗ್ಯಾರಂಟಿ, ಅವ್ರು ಮಾಡೋದೂ ಸರಿಯೇ. ಅದಕ್ಕೆ ತಿರುಗಿಸಿ ಅನ್ನೋದಕ್ಕಿಂತ ಶಿವಮೊಗ್ಗ ಮೇಲೆ ಹೊಸದಾಗಿ ಒಂದು ರಾತ್ರಿ ರೈಲು ಕೊಡಿ ಅಂತ ಕೇಳಿ.

ಅಲ್ಲೀವರೆಗೆ ಮಗಳಿಗೆ ಏನು ದಾರಿ ಅಂದ್ರೆ, ಬೀರೂರಲ್ಲಿ ಕನೆಕ್ಷನ್. ಸಾಗರದಿಂದ ಬರೋ ರೈಲು ಬೀರೂರು ಮುಟ್ಟಿ ಅರ್ಧ ಮುಕ್ಕಾಲು ಗಂಟೇಲಿ ಹುಬ್ಬಳ್ಳಿ ರೈಲು ಸಿಗೋ ಹಾಗೆ ಟೈಮಿಂಗ್ ಹೊಂದಿಸಿ ಅಂತ ಕೇಳಿ, ಇದಕ್ಕೆ ಹೊಸ ಹಳಿ ಬೇಡ, ಹೊಸ ಬೋಗಿ ಬೇಡ, ಟೈಮ್ ಟೇಬಲ್ ತಿದ್ದಿದ್ರೆ ಸಾಕು. ನಮ್ಮ ಲೈನು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರತ್ತೆ, ಹಾಗಾಗಿ ಮನವಿ ಮೈಸೂರಿನ ಡಿಆರ್‌ಎಂ (ವಿಭಾಗದ ಮುಖ್ಯಸ್ಥರು) ಆಫೀಸಿಗೆ ಹೋಗ್ಲಿ, ಒಂದು ಪ್ರತಿ ಹುಬ್ಬಳ್ಳಿಯ ಕೇಂದ್ರ ಕಚೇರಿಗೆ, ಇನ್ನೊಂದು ಸಂಸದರಿಗೆ. ಸಹಿ ಜೊತೆಗೆ ಸಾಗರ, ಆನಂದಪುರದಿಂದ ಹುಬ್ಬಳ್ಳಿ-ಧಾರವಾಡಕ್ಕೆ ಓದೋಕೆ, ಆಸ್ಪತ್ರೆಗೆ, ವ್ಯಾಪಾರಕ್ಕೆ ಎಷ್ಟು ಜನ ಯಾವ ವಾರ ಹೋಗ್ತಾರೆ ಅಂತ ಒಂದು ಪಟ್ಟಿ ಮಾಡಿ ಲಗತ್ತಿಸಿ, ಕಾಲೇಜು ಮಕ್ಕಳ ಹತ್ರ ಹೇಳಿದ್ರೆ ಅವ್ರೇ ಮಾಡ್ಕೊಡ್ತಾರೆ.