ತಪ್ಪು ಮಾಡಿದ ಮಗುವಿಗೆ ಬೇರೆ ನ್ಯಾಯಾಲಯ ಏಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕ. ನಮ್ಮ ವಿದ್ಯಾರ್ಥಿಯೊಬ್ಬ ಕಳ್ಳತನದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಕೆಲವು ಸಹೋದ್ಯೋಗಿಗಳು ತಂದೆ ತಾಯಿಯನ್ನು ದೂರಿದರು, ಇನ್ನು ಕೆಲವರು ಬಡತನವನ್ನು. ಮಕ್ಕಳು ಈ ದಾರಿ ಹಿಡಿಯಲು ನಿಜವಾದ ಕಾರಣವೇನು?

ಉತ್ತರ: ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ಬಡವರ ಮನೆಯ ಬಹುಪಾಲು ಮಕ್ಕಳು ಯಾವ ಅಪರಾಧವನ್ನೂ ಮಾಡುವುದಿಲ್ಲವಾದ್ದರಿಂದ ಬಡತನವನ್ನೇ ಕಾರಣವೆನ್ನಲು ಬರುವುದಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ತಂದೆ ತಾಯಿಗೆ ಮಗನ ಮೇಲೆ ಕಣ್ಣಿಡಲು ಬಡತನ ಬಿಡುವು ಕೊಡುವುದಿಲ್ಲ. ಮಗುವನ್ನು ಶಾಲೆ ಬಿಡಿಸಿ ದೊಡ್ಡವರ ಸಹವಾಸದ ದುಡಿಮೆಗೆ ತಳ್ಳುವುದೂ ಅದೇ. ಅಮೆರಿಕದ ಶಿಕಾಗೋ ನಗರದಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬ ಸಮಾಜಶಾಸ್ತ್ರಜ್ಞರು ದಶಕಗಳ ದಾಖಲೆಗಳನ್ನು ಪರಿಶೀಲಿಸಿ 1942ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಕೆಲವು ಬಡಾವಣೆಗಳಲ್ಲಿ ವಾಸಿಸುವ ಜನಾಂಗಗಳು ಒಂದರ ನಂತರ ಒಂದು ಬದಲಾದರೂ ಬಾಲಾಪರಾಧದ ಪ್ರಮಾಣ ಅಲ್ಲಿ ಮಾತ್ರ ಹೆಚ್ಚಾಗಿಯೇ ಉಳಿಯಿತು. 'ಆ ಜನರ ರಕ್ತವೇ ಅಂಥದ್ದು' ಎನ್ನುವ ಮಾತನ್ನು ಇಂದಿಗೂ ಕೇಳಬೇಕಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮನೆಯ ವಿಷಯಕ್ಕೆ ಬಂದರೆ, ಮುದ್ದು ಹೆಚ್ಚಾಗಿ ಕೆಟ್ಟ ಮಕ್ಕಳನ್ನು ನಾನು ಕಂಡದ್ದು ಕಡಿಮೆ. ಇಂದು ಬಾಸುಂಡೆ ಬರುವಂತೆ ಹೊಡೆದು ನಾಳೆ ಅದೇ ತಪ್ಪನ್ನು ಕಂಡೂ ಕಾಣದಂತೆ ಬಿಡುವ ಮನೆಗಳಿಂದ, ಕುಡಿತ ಮತ್ತು ಹೊಡೆದಾಟದ ನಡುವೆ ಬೆಳೆದು ಬಂದ ಮಕ್ಕಳನ್ನೇ ಆಪ್ತಸಮಾಲೋಚಕಿಯಾಗಿ ನಾನು ಹೆಚ್ಚು ಕಂಡಿದ್ದೇನೆ.

ಶಾಲೆಯ ಪಾಲನ್ನೂ ನೀವು ಶಿಕ್ಷಕರಾದ್ದರಿಂದ ಹೇಳಲೇಬೇಕು. ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿದ್ದ ಹದಿನೈದರ ಹುಡುಗನೊಬ್ಬನಿಗೆ ಒಮ್ಮೆ ಒಂದು ಹಾಳೆ ಕೊಟ್ಟು ಓದಲು ಹೇಳಿದೆ. ಹಾಳೆಯ ಮೇಲೆ ಕಣ್ಣಾಡಿಸಿ, ಎರಡೇ ಕ್ಷಣದಲ್ಲಿ 'ಓದಿದೆ ಮೇಡಂ' ಎಂದು ಹಿಂದಿರುಗಿಸಿದ. ನಾನು ಕೊಟ್ಟದ್ದು ತಲೆಕೆಳಗಾಗಿತ್ತು; ಅವನು ಅದನ್ನು ತಿರುಗಿಸಿರಲಿಲ್ಲ. ಎಂಟನೆಯ ತರಗತಿಯವರೆಗೆ ಹಿಂದಿನ ಬೆಂಚಿನಲ್ಲಿ ಕುಳಿತು ಬಂದ ಆ ಹುಡುಗನಿಗೆ ಅಕ್ಷರ ಬರುವುದಿಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ. ಎಲ್ಲರೆದುರು ಓದಿಸಿಯಾರೆಂಬ ಹೆದರಿಕೆಗೆ ಅವನು ತರಗತಿ ತಪ್ಪಿಸಲು ಶುರುಮಾಡಿದ್ದ. ಹೊರಗೆ ಅವನನ್ನು ಸೇರಿಸಿಕೊಂಡ ಗುಂಪಿನಲ್ಲಿ ಓದು ಬಾರದಿರುವುದು ಒಂದು ಕೊರತೆಯೇ ಆಗಿರಲಿಲ್ಲ.

ಈ ಗುಂಪಿನ ಸೆಳೆತವನ್ನು ನಾವು ಸಾಮಾನ್ಯವಾಗಿ ಹಗುರವಾಗಿ ಎಣಿಸುತ್ತೇವೆ. ಹದಿಹರೆಯದಲ್ಲಿ ಹೊಸತರ, ಮೆಚ್ಚುಗೆಯ ಹಂಬಲ ಮೊದಲು ಬಲಿಯುತ್ತದೆ. ಅದಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ವಿಡಿಯೋ ಆಟವಾಡಿದ ಹದಿಹರೆಯದವರು ಒಂಟಿಯಾಗಿದ್ದಾಗ ತೋರಿದ ಎಚ್ಚರವನ್ನು ಗೆಳೆಯರು ಜೊತೆಗಿದ್ದಾಗ ಕಳೆದುಕೊಂಡರು, ವಯಸ್ಕರಲ್ಲಿ ಹಾಗಾಗಲಿಲ್ಲ. ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲಿ ಮಂಡಿಸಿದ ವಾದದ ಪ್ರಕಾರ, ಹದಿಹರೆಯದಲ್ಲಿ ಕಾನೂನು ಮುರಿಯುವವರಲ್ಲಿ ಬಹುಪಾಲಿನವರು ವಯಸ್ಸು ಬಂದಂತೆ ಅದನ್ನು ತಾವಾಗಿಯೇ ಬಿಡುತ್ತಾರೆ. ಎಳೆತನದಿಂದಲೇ ತೊಂದರೆ ಕಾಣಿಸಿಕೊಂಡು ಬದುಕಿನುದ್ದಕ್ಕೂ ಮುಂದುವರಿಯುವವರು ಕೆಲವರೇ.

ಪ್ರಶ್ನೆ: ಕ್ರೂರ ಕೃತ್ಯ ಎಸಗಿದವನು ವಯಸ್ಸಿನ ನೆಪದಲ್ಲಿ ಮೂರು ವರ್ಷಕ್ಕೆ ಹೊರಬರುವುದು ನ್ಯಾಯವೇ? ನೊಂದವರ ಕಡೆಯಿಂದ ಯಾರೂ ಏಕೆ ಯೋಚಿಸುವುದಿಲ್ಲ?

ಉತ್ತರ: ಹೊಡೆದವನ ವಯಸ್ಸು ಕಡಿಮೆಯೆಂದು ಹೊಡೆಸಿಕೊಂಡವರ ನೋವು ಕಡಿಮೆಯಾಗುವುದಿಲ್ಲ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳಿಗೆಂದು ಬೇರೆ ನ್ಯಾಯಾಲಯವನ್ನು ಕಟ್ಟಿದ್ದು ಬರಿಯ ಕನಿಕರದಿಂದಲ್ಲ. ವಯಸ್ಕರ ಸೆರೆಮನೆಗೆ ಹೋದ ಮಕ್ಕಳು ಅಲ್ಲಿ ಪಳಗಿ ಹೊರಬರುವುದನ್ನು ಕಂಡವರೇ 1899ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮೊದಲ ಬಾಲ ನ್ಯಾಯಾಲಯ ತೆರೆಯಲು ದುಡಿದರು. ಆ ವ್ಯವಸ್ಥೆಯೂ ದೋಷಮುಕ್ತವಾಗಿರಲಿಲ್ಲ. 'ಮಗುವಿನ ಒಳಿತಿಗಾಗಿ' ಎಂಬ ಹೆಸರಿನಲ್ಲಿ ವಕೀಲರೂ ಇಲ್ಲದೆ, ವಿಚಾರಣೆಯೂ ಸರಿಯಾಗಿ ನಡೆಯದೆ ಮಕ್ಕಳನ್ನು ವರ್ಷಗಟ್ಟಲೆ ಕೂಡಿಹಾಕಲಾಗುತ್ತಿತ್ತು. ಅಶ್ಲೀಲ ಫೋನ್ ಕರೆಯ ಆರೋಪ ಹೊತ್ತ ಹದಿನೈದರ ಜೆರಾಲ್ಡ್ ಗಾಲ್ಟ್‌ನನ್ನು ಇಪ್ಪತ್ತೊಂದು ತುಂಬುವವರೆಗೂ ಇರಿಸಿಕೊಳ್ಳಬಹುದಾದ ಸಂಸ್ಥೆಗೆ ಕಳುಹಿಸಲಾಗಿತ್ತು. ಅದೇ ತಪ್ಪಿಗೆ ವಯಸ್ಕನಿಗಿದ್ದ ಗರಿಷ್ಠ ಸೆರೆವಾಸ ಎರಡು ತಿಂಗಳು. ವಕೀಲರನ್ನು ಪಡೆಯುವ ಹಕ್ಕು ಮಕ್ಕಳಿಗೂ ಇದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದು ಈ ಪ್ರಕರಣದಲ್ಲೇ.

ಮಗುವನ್ನು ಹೆಚ್ಚೆಂದರೆ ಮೂರು ವರ್ಷ ಮಾತ್ರ ಸುಧಾರಣಾ ಗೃಹದಲ್ಲಿರಿಸಬಹುದೆಂಬ ಮಿತಿಯ ಬಗ್ಗೆ ನಮ್ಮಲ್ಲಿ ಭಾರಿ ಚರ್ಚೆ ಎದ್ದದ್ದು, ಅಪರಾಧಿಗಳಲ್ಲಿ ಒಬ್ಬ ಹದಿನೆಂಟು ತುಂಬದವನಾಗಿದ್ದ 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ. ಆಮೇಲೆ ಬಂದ 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ತುಂಬಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿ ಆ ಮಗುವಿನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ ಮತ್ತು ಕೃತ್ಯ ನಡೆದ ಸಂದರ್ಭವನ್ನು ಮೊದಲು ತೂಗಿ ನೋಡಿ, ವಯಸ್ಕರಂತೆ ವಿಚಾರಿಸಬೇಕೆನಿಸಿದರೆ ಪ್ರಕರಣವನ್ನು ಸೆಷನ್ಸ್ ಮಟ್ಟದ ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು; ಅಲ್ಲಿ ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯೂ ಸಾಧ್ಯ. ಆದ್ದರಿಂದ ಎಲ್ಲರೂ ಮೂರೇ ವರ್ಷಕ್ಕೆ ಹೊರಬರುತ್ತಾರೆ ಎಂಬ ಮಾತು ಈಗ ಸರಿಯಲ್ಲ. ಈ ಬದಲಾವಣೆಯನ್ನು ನಾನು ಮನಸಾರೆ ಒಪ್ಪಿಲ್ಲ. ತಿಂಗಳುಗಳ ಹಿಂದೆ ಒಂದು ಕ್ಷಣದಲ್ಲಿ ಹುಡುಗನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಂತರ ಕೆಲವು ಭೇಟಿಗಳಲ್ಲಿ ಅಳೆದು ಹೇಳುವುದು ಎಷ್ಟು ಕಷ್ಟವೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ವಯಸ್ಕರ ನ್ಯಾಯಾಲಯಕ್ಕೆ ವರ್ಗಾವಣೆಯಾದ ಮಕ್ಕಳು ಮತ್ತೆ ಹಿಂಸಾಚಾರದಲ್ಲಿ ತೊಡಗುವ ಸಂಭವ ಒಟ್ಟಾರೆ ಹೆಚ್ಚೆಂದು ಅಮೆರಿಕದ ತಜ್ಞರ ಕಾರ್ಯಪಡೆಯೊಂದು 2007ರಲ್ಲಿ ಅಲ್ಲಿನ ಅಧ್ಯಯನಗಳ ಪರಾಮರ್ಶೆಯಿಂದ ಕಂಡುಕೊಂಡಿತು. ಮಕ್ಕಳನ್ನು ಸೆರೆಮನೆಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮಗಳಿಂದಲೂ ಅಪರಾಧ ಇಳಿಯುವ ಬದಲು ಏರಿದ್ದೇ ಕಂಡುಬಂದಿದೆ.

ನೊಂದವರ ಪ್ರಶ್ನೆಗೆ ನ್ಯೂಜಿಲೆಂಡ್ 1989ರ ಕಾನೂನಿನ ಮೂಲಕ ಒಂದು ದಾರಿ ಹುಡುಕಿತು. ಅಲ್ಲಿ ಮಗು, ಅದರ ಬಂಧುಗಳು, ಪೊಲೀಸರು ಮತ್ತು ಒಪ್ಪಿದರೆ ನೊಂದವರೂ ಒಟ್ಟಿಗೆ ಕುಳಿತು ಆದ ಹಾನಿಯನ್ನು ಹೇಗೆ ತುಂಬಿಕೊಡಬೇಕೆಂದು ತೀರ್ಮಾನಿಸುತ್ತಾರೆ. ಕಟಕಟೆಯಲ್ಲಿ ತಲೆ ತಗ್ಗಿಸಿ ನಿಲ್ಲುವುದಕ್ಕಿಂತ, ತಾನು ದೋಚಿದ ಮನುಷ್ಯನ ಮುಖ ನೋಡಿ ಅವರ ಮಾತಿಗೆ ಉತ್ತರ ಕೊಡುವುದು ಬಹಳ ಕಠಿಣ.

ಪ್ರಶ್ನೆ: ಗೆಳೆಯರ ಜೊತೆ ಸೇರಿ ಫೋನ್ ಕದ್ದ ಆರೋಪದಲ್ಲಿ ಹದಿನೈದು ವರ್ಷದ ನನ್ನ ಮಗನನ್ನು ಮಂಡಳಿಯ ಮುಂದೆ ಹಾಜರುಪಡಿಸಿ, ಆಮೇಲೆ ಜಾಮೀನು ಕೊಟ್ಟಿದ್ದಾರೆ. ಮುಂದೆ ಕೆಲಸ ಸಿಗದಂತೆ ಇದು ಅಡ್ಡ ಬರುತ್ತದೆಯೇ?

ಉತ್ತರ: ನೀವು ಅಂಜಬೇಕಾಗಿಲ್ಲ, ತಾಯಿ. ನಿಮ್ಮ ಮಗನ ವಯಸ್ಸಿನ ಮಗು ತಪ್ಪು ಮಾಡಿದ್ದು ಸಾಬೀತಾದರೂ ಅದರಿಂದ ಮುಂದೆ ಯಾವ ಅನರ್ಹತೆಯೂ ಉಂಟಾಗಬಾರದೆಂದು ಕಾಯ್ದೆಯಲ್ಲೇ ಇದೆ. ಅವನ ಹೆಸರು, ಶಾಲೆ, ಗುರುತು ಪತ್ರಿಕೆಗಳಲ್ಲಿ ಬರಕೂಡದು. ಸಾಧಾರಣ ಕಳ್ಳತನವನ್ನು ಕಾಯ್ದೆ ಸಣ್ಣ ಅಪರಾಧವೆಂದೇ ಎಣಿಸುತ್ತದೆ. ಅಂಥ ಪ್ರಕರಣದ ವಿಚಾರಣೆ ಅವನನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕ್ರಿಯೆ ಕೊನೆಗೊಳ್ಳುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಒಂದು ದಿನಾಂಕವನ್ನೂ ತಪ್ಪಿಸಬೇಡಿ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಮನೆಗೆ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿ. ಮಂಡಳಿಗೆ ನಿಮ್ಮ ಮನೆಯ ಪರಿಸ್ಥಿತಿ ತಿಳಿಯುವುದು ಅವರ ವರದಿಯಿಂದ. ಅವಮಾನವೆಂದುಕೊಂಡು ಮಗನನ್ನು ಶಾಲೆ ಬಿಡಿಸಿ ದೂರದ ಬಂಧುಗಳ ಮನೆಗೆ ಕಳುಹಿಸುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ. ಶಾಲೆಯಲ್ಲಿ ತಕರಾರು ಎದ್ದರೆ ಮಂಡಳಿಯ ಮುಂದಿನ ದಿನಾಂಕದಂದೇ ಅದನ್ನು ಸದಸ್ಯರ ಗಮನಕ್ಕೆ ತನ್ನಿ.