ದೊಡ್ಡಪ್ಪನವರ ಲೇತು, ದೊಡ್ಡಪ್ಪನವರ ಎಂಜಿನ್‌ಗಳು

ಸಾಗರದ ಓದುಗರೊಬ್ಬರ ಪತ್ರದ ಸಾರಾಂಶ: ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಅವರ ದೊಡ್ಡಪ್ಪ, ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಲೇತು (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಉಗಿ ಎಂಜಿನ್‌ಗಳ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿರುವ ಮಕ್ಕಳು ಶೆಡ್ಡನ್ನು ಖಾಲಿ ಮಾಡಬೇಕೆಂದಿದ್ದಾರೆ. ಗುಜರಿಯವರು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾರೆ. ಹೆಸರಾಂತ ಮಾದರಿ ತಯಾರಕರ ಉಪಕರಣಗಳೂ ಮಾದರಿಗಳೂ ಅವರ ನಂತರ ಏನಾಗುತ್ತವೆ, ತಾವು ಮಾಡಬೇಕಾದುದೇನು, ಅರ್ಧಕ್ಕೆ ನಿಂತಿರುವ ಒಂದು ಎಂಜಿನನ್ನು ಬೇರೆಯವರಿಂದ ಮುಗಿಸಬಹುದೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ,

ಗುಜರಿಯವರಿಗೆ ಒಪ್ಪಿಗೆ ಕೊಡುವ ಮೊದಲೇ ತಾವು ಬರೆದದ್ದು ಬಹಳ ಒಳ್ಳೆಯದಾಯಿತು. ತಮ್ಮ ಮೊದಲ ಪ್ರಶ್ನೆಗೆ ನೇರವಾದ ಉತ್ತರವೆಂದರೆ, ಮಾದರಿಗಳಿಗೆ ಒಂದು ಗತಿ, ಉಪಕರಣಗಳಿಗೆ ಇನ್ನೊಂದು ಗತಿ. ನೋಡಲು ಚೆಂದವಾಗಿರುವ ಮಾದರಿಯನ್ನು ಯಾರಾದರೂ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಕೊಳ್ಳುತ್ತಾರೆ. ಅದನ್ನು ಮಾಡಿದ ಉಪಕರಣಗಳು ಮಾತ್ರ ಒಂದೊಂದಾಗಿ ಬೇರೆ ಬೇರೆ ಕೈ ಸೇರುತ್ತವೆ. ಎರಡೂ ಒಟ್ಟಿಗೆ, ಇದ್ದಲ್ಲಿ ಇದ್ದಂತೆಯೇ ಉಳಿದ ಉದಾಹರಣೆಗಳು ತೀರಾ ಕಡಿಮೆ.

ಆ ಅಪರೂಪದ ಉದಾಹರಣೆಗಳಲ್ಲಿ ದೊಡ್ಡದು ಜೇಮ್ಸ್ ವ್ಯಾಟ್‌ನ ಕಾರ್ಯಾಗಾರ. 1763ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ರಿಪೇರಿಗೆಂದು ಒಪ್ಪಿಸಿದ, ಹಿಂದಿನ ಬಗೆಯ ಉಗಿ ಎಂಜಿನ್ನಾದ ನ್ಯೂಕೊಮೆನ್ ಎಂಜಿನ್ನಿನ ಮಾದರಿಯೇ ಉಗಿ ಎಂಜಿನ್ನನ್ನು ಸುಧಾರಿಸುವ ದಾರಿಯನ್ನು ಅವನಿಗೆ ತೋರಿಸಿತು. ಆ ಮಾದರಿ ಇಂದಿಗೂ ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಂನಲ್ಲಿದೆ. ನಿವೃತ್ತನಾದ ಮೇಲೆ ಅವನು ಬರ್ಮಿಂಗ್‌ಹ್ಯಾಮ್ ಬಳಿಯ ತನ್ನ ಮನೆಯ ಅಟ್ಟದ ಕೋಣೆಯಲ್ಲಿ, ಶಿಲ್ಪಗಳ ನಕಲು ತೆಗೆಯುವ ಎರಡು ಯಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದ. 1819ರಲ್ಲಿ ಅವನು ತೀರಿಕೊಂಡ ನಂತರ ಕೋಣೆಗೆ ಬೀಗ ಬಿತ್ತು. ಒಳಗಿನದನ್ನು ಹೆಚ್ಚುಕಡಿಮೆ ಯಾರೂ ಕದಲಿಸಲಿಲ್ಲ. ನೂರು ವರ್ಷ ದಾಟಿದ ಮೇಲೆ, 1924ರಲ್ಲಿ, ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಅಲ್ಲಿಂದ ಸಾಗಿಸಿಕೊಂಡು ಹೋದರು. ಮನೆಯನ್ನು ಕೆಡವಿದ್ದು 1927ರಲ್ಲಿ. ಇನ್ನು ಮೂರು ವರ್ಷ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ತಾವೇ ಊಹಿಸಬಹುದು. ಆ ರಾಶಿಯಲ್ಲಿದ್ದ ಒಂದು ಅಚ್ಚನ್ನು ಇತ್ತೀಚಿನ ವರ್ಷಗಳಲ್ಲಿ ಲೇಸರ್ ಸ್ಕ್ಯಾನ್ ಮಾಡಿ ನೋಡಿದಾಗ ಮೂಡಿಬಂದದ್ದು ವ್ಯಾಟ್‌ನದೇ ಮುಖ. ಯಾರದೆಂದು ಗೊತ್ತಿಲ್ಲದ ಒಂದು ಅಚ್ಚನ್ನು ಎಸೆಯದೆ ಇಟ್ಟಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಶೆಡ್ಡು ಖಾಲಿ ಮಾಡಲು ಹೊರಟವರೆಲ್ಲ ಗಮನಿಸಬೇಕು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಇಂಗ್ಲೆಂಡಿನ ಚೆರ್ರಿ ಹಿಲ್ ಅವರದು. ಹತ್ತೊಂಬತ್ತನೆಯ ಶತಮಾನದ ವಿಚಿತ್ರ ವಿನ್ಯಾಸದ ಉಗಿ ಬಂಡಿಗಳನ್ನು ಹದಿನಾರನೆಯ ಒಂದರಷ್ಟು ಅಳತೆಗೆ ಇಳಿಸಿ, ಒಂದೊಂದಕ್ಕೂ ಸಾವಿರಾರು ಗಂಟೆ ವ್ಯಯಿಸಿ ಮಾಡಿದ ಆಕೆಗೆ, ಈ ಕ್ಷೇತ್ರದ ಅತ್ಯುನ್ನತ ಗೌರವಗಳಲ್ಲೊಂದಾದ ಡ್ಯೂಕ್ ಆಫ್ ಎಡಿನ್‌ಬರೋ ಟ್ರೋಫಿ ಒಂಬತ್ತು ಬಾರಿ ದೊರೆಯಿತು. ತಮ್ಮ ಮಾದರಿಗಳಲ್ಲಿ ಹೆಚ್ಚಿನವನ್ನು ಅವರು ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗೆ ತಾವು ಬದುಕಿರುವಾಗಲೇ ಕೊಟ್ಟರು. ಹಾಗಾಗಿ ಯಾವುದು ಎಲ್ಲಿಗೆ ಹೋಗಬೇಕೆಂಬ ನಿರ್ಧಾರ ಅವರದೇ ಆಯಿತು. ವಾರಸುದಾರರ ತಲೆಗೆ ಬರಲಿಲ್ಲ. ಬದುಕಿರುವಾಗಲೇ ಮಾಡುವ ಈ ಏರ್ಪಾಟಿಗಿಂತ ಉತ್ತಮವಾದುದು ನನಗೆ ಕಾಣುವುದಿಲ್ಲ. ತಮ್ಮ ದೊಡ್ಡಪ್ಪನವರಿಗೆ ಆ ಅವಕಾಶ ಆಗಲಿಲ್ಲವಾದ್ದರಿಂದ ಆ ಕೆಲಸ ಈಗ ತಮ್ಮದು.

ಎಲ್.ಬಿ.ಎಸ್.ಸಿ. ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕರ್ಲಿ ಲಾರೆನ್ಸ್ ಅವರ ವಿಷಯ ಬೇರೆ. 1898ರಲ್ಲಿ ಆರಂಭವಾದ 'ಮಾಡೆಲ್ ಎಂಜಿನಿಯರ್' ಪತ್ರಿಕೆಯಲ್ಲಿ, ಪುಟ್ಟ ರೈಲು ಎಂಜಿನ್ ಕಟ್ಟುವ ಬಗೆಯನ್ನು ಅವರು ದಶಕಗಳ ಕಾಲ ಹಂತ ಹಂತವಾಗಿ ವಿವರಿಸಿದರು. ಅವರು ತೀರಿಕೊಂಡದ್ದು 1967ರಲ್ಲಿ. ಅವರ 'ಟಿಚ್' ಎಂಬ ಎಂಜಿನ್ನನ್ನು ಅದೇ ನಕ್ಷೆ ಇಟ್ಟುಕೊಂಡು ಇಂದಿಗೂ ಜನ ಕಟ್ಟುತ್ತಿದ್ದಾರೆ. ಆದ್ದರಿಂದ ಶೆಡ್ಡಿನಲ್ಲಿ ತಾವು ಮೊದಲು ಕಾಪಾಡಬೇಕಾದದ್ದು ಕಾಗದ. ನಕ್ಷೆಗಳು, ಅಳತೆ ಬರೆದ ನೋಟ್‌ಬುಕ್, ಸಿಗರೇಟ್ ಪ್ಯಾಕಿನ ಹಿಂದೆ ಗೀಚಿದ ಲೆಕ್ಕ, ಹಳೆಯ ರಸೀದಿ, ಯಾವುದನ್ನೂ ರದ್ದಿಗೆ ಹಾಕಬೇಡಿ. ಗೆದ್ದಲಿಗೂ ಮಳೆಗಾಲದ ಬೂಷ್ಟಿಗೂ ಸಿಗದಂತೆ ಅವನ್ನು ಇಂದೇ ಮನೆಯೊಳಗೆ ತನ್ನಿ.

ಎರಡನೆಯ ಕೆಲಸ ಫೋಟೊ ತೆಗೆಯುವುದು. ಒಂದು ಸ್ಪ್ಯಾನರನ್ನೂ ಕದಲಿಸುವ ಮೊದಲು ಗೋಡೆ, ಬೆಂಚು, ಡ್ರಾಯರುಗಳನ್ನು ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಯಾವ ತುಂಡು ಯಾವುದರ ಪಕ್ಕದಲ್ಲಿತ್ತು ಎಂಬುದರಿಂದಲೇ ಎಷ್ಟೋ ಸಲ ಅದರ ಉಪಯೋಗ ಗೊತ್ತಾಗುತ್ತದೆ. ಇಂಥ ಶೆಡ್ಡುಗಳಲ್ಲಿ ಅತಿ ಬೇಗ ನಾಶವಾಗುವುದು ತಯಾರಕರು ಒಂದೇ ಒಂದು ಕೆಲಸಕ್ಕೆಂದು ತಾವೇ ಮಾಡಿಕೊಂಡ, ತುಂಡನ್ನು ಅಲುಗದಂತೆ ಹಿಡಿದು ಉಪಕರಣಕ್ಕೆ ದಾರಿ ತೋರುವ ಜಿಗ್ಗುಗಳು, ಫಿಕ್ಸ್‌ಚರುಗಳು. ಗುಜರಿಯವರ ಕಣ್ಣಿಗೆ ಅವು ತೂತು ಕೊರೆದ ಕಬ್ಬಿಣದ ತುಂಡುಗಳು. ಆದರೆ ಆ ಪುಟ್ಟ ಸಿಲಿಂಡರನ್ನು ಅವರು ಅಷ್ಟು ನಿಖರವಾಗಿ ಕೊರೆದದ್ದು ಹೇಗೆ ಎಂಬುದಕ್ಕೆ ಉತ್ತರ ಇರುವುದು ಅವುಗಳಲ್ಲೇ. ಅವನ್ನು ಸಂಬಂಧಿಸಿದ ಮಾದರಿಯ ಜೊತೆಗೆ ಕಟ್ಟಿಡಿ.

ಲೇತಿನ ವಿಷಯದಲ್ಲಿ ನನ್ನ ಅಭಿಪ್ರಾಯ ತಮಗೆ ಕಠಿಣವೆನಿಸಬಹುದು: ಅದನ್ನು ನೆನಪಿಗೆಂದು ಮೂಲೆಯಲ್ಲಿ ನಿಲ್ಲಿಸಬೇಡಿ, ಕೆಲಸ ಮಾಡುವವರಿಗೆ ಕೊಡಿ. ಮಾದರಿ ತಯಾರಕರ ಅಚ್ಚುಮೆಚ್ಚಿನ ಮೈಫೋರ್ಡ್ ಲೇತುಗಳನ್ನು ಮಾಡುತ್ತಿದ್ದ ನಾಟಿಂಗ್‌ಹ್ಯಾಮ್ ಬಳಿಯ ಕಾರ್ಖಾನೆ 2011ರಲ್ಲಿ ಮುಚ್ಚಿತು. 1946ರಲ್ಲಿ ಬಂದ ಎಂಎಲ್7 ಮಾದರಿಯ ಲೇತುಗಳು ಮಾತ್ರ ಕೈಯಿಂದ ಕೈಗೆ ದಾಟುತ್ತ ಈಗಲೂ ತಿರುಗುತ್ತಿವೆ. ಯಂತ್ರಕ್ಕೆ ಅದು ಒಳ್ಳೆಯ ಬಾಳು. ಆದರೆ ಕೊಡುವಾಗ ಬಿಡಿ ಗಿಯರುಗಳು, ಫೇಸ್‌ಪ್ಲೇಟು, ಸ್ಟೆಡಿ, ಚಕ್ಕಿನ ಕೀಲಿ, ಹೀಗೆ ಲೇತಿನ ಬಿಡಿಭಾಗಗಳೆಲ್ಲವೂ ಅದರ ಜೊತೆಗೇ ಹೋಗಲಿ. ಬಿಡಿ ಗಿಯರುಗಳು ಕಳೆದುಹೋದರೆ ಅಂಥ ಹಳೆಯ ಲೇತಿನಲ್ಲಿ ಬೇಕಾದ ಅಳತೆಯ ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಕತ್ತರಿಸಲು ಆಗುವುದಿಲ್ಲ, ಅದರ ಅರ್ಧ ಬೆಲೆಯೇ ಹೋದಂತೆ. ಥ್ರೆಡ್ ಕೊರೆಯುವ ಟ್ಯಾಪು, ಡೈಗಳಲ್ಲಿ ಹಳೆಯ ಬ್ರಿಟಿಷ್ ಅಳತೆಗಳಾದ ಬಿ.ಎ. ಅಥವಾ ವಿಟ್‌ವರ್ತ್ ಗುರುತಿನವು ಇದ್ದರೆ ಅವನ್ನು ಮಾತ್ರ ಮಾರಬೇಡಿ. ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ, ವಿಟ್‌ವರ್ತಿನದು 55, ಬಿ.ಎ.ಯದು ನಲವತ್ತೇಳೂವರೆ; ಇಂದಿನ ವರ್ಕ್‌ಶಾಪಿಗೆ ಅವು ಬೇಡವಾದರೂ ದೊಡ್ಡಪ್ಪನವರ ಮಾದರಿಗಳ ಒಂದು ಸ್ಕ್ರೂ ಕಳೆದರೆ ಬೇರೆ ಯಾವುದೂ ಕೂರುವುದಿಲ್ಲ.

ಮಾದರಿಗಳನ್ನು ಯಾರಿಗೆ ಕೊಡುವುದು? ನಮ್ಮ ಕಡೆಯ ಪಾಲಿಟೆಕ್ನಿಕ್ ಅಥವಾ ಐ.ಟಿ.ಐ. ಸಹಜವಾದ ಆಯ್ಕೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನೂ, ರೈಲು ಎಂಜಿನ್ನಿನ ಮಾದರಿಯಿದ್ದರೆ ಮೈಸೂರಿನ ರೈಲ್ವೆ ಮ್ಯೂಸಿಯಂ ಅನ್ನೂ ವಿಚಾರಿಸಬಹುದು. ಸದಾ ಪ್ರದರ್ಶನದಲ್ಲಿಡಬೇಕು ಎಂಬ ಷರತ್ತು ಹಾಕಿದರೆ ಸಾಮಾನ್ಯವಾಗಿ ಅವರು ಹಿಂಜರಿಯುತ್ತಾರೆ. ಅದರ ಬದಲು ದಾನಪತ್ರ ಬರೆದು, ದಾಸ್ತಾನು ಪುಸ್ತಕದಲ್ಲಿ ಪ್ರತಿ ವಸ್ತುವಿಗೂ ನಮೂದು ಮಾಡಿಸಿ, ಬೇಡವಾದ ದಿನ ಕುಟುಂಬಕ್ಕೆ ಮೊದಲು ತಿಳಿಸಬೇಕೆಂದು ಬರೆಸಿಕೊಳ್ಳಿ. ನಮೂದಿಲ್ಲದ ವಸ್ತುವಿಗೆ ಸರ್ಕಾರಿ ಸಂಸ್ಥೆಯಲ್ಲಿ ರಕ್ಷಣೆಯಿಲ್ಲ. ಪ್ರಾಂಶುಪಾಲರು ಬದಲಾದ ಮೇಲೆ ಅದು ಯಾರದ್ದೂ ಅಲ್ಲ.

ಕೊಡುವವರೆಗೆ ಜೋಪಾನ ಮಾಡುವುದು ಮಲೆನಾಡಿನಲ್ಲಿ ಸುಲಭವಲ್ಲ. ನಯ ಮಾಡಿದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಒಂದು ಜೋರು ಮಳೆಗಾಲ ಸಾಕು. ಲೇತಿನ ಬೆಡ್ಡಿಗೂ ಅಳತೆಯ ಉಪಕರಣಗಳಿಗೂ ಈಗಲೇ ಎಣ್ಣೆ ಹಚ್ಚಿ. ಗೋಣಿಚೀಲ ಹೊದಿಸಬೇಡಿ, ಅದು ಥಂಡಿ ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಹಿತ್ತಾಳೆಯ ಭಾಗಗಳನ್ನು ಹೊಳೆಯಿಸುವ ಆಸೆಯಿಂದ ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಖಂಡಿತ ಬೇಡ. ಸಂದುಗಳಲ್ಲಿ ಉಳಿಯುವ ಹುಳಿ ಲೋಹವನ್ನು ತಿನ್ನುತ್ತದೆ, ತಯಾರಕರ ಅರದ ಗುರುತೂ ಬಣ್ಣವೂ ಅಳಿಸಿಹೋಗುತ್ತವೆ.

ಇನ್ನೊಂದು ಮಾತು ಅಪಾಯದ್ದು. ಮಕ್ಕಳಿಗೆ ತೋರಿಸಲೆಂದು ಬಾಯ್ಲರಿಗೆ ಬೆಂಕಿ ಹಾಕಬೇಡಿ. ಹಳೆಯ ಬಾಯ್ಲರನ್ನು ಮೊದಲು ತಣ್ಣೀರು ತುಂಬಿ, ಅದು ಕೆಲಸ ಮಾಡುವಾಗಿನ ಉಗಿಯ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ, ತಿಳಿದವರಿಂದ ಪರೀಕ್ಷಿಸಬೇಕು. ಗಾಳಿ ತುಂಬಿ ಪರೀಕ್ಷಿಸುವುದು ಸಲ್ಲದು, ಏಕೆಂದರೆ ಒಡೆದಾಗ ಹಿಗ್ಗುವ ಗಾಳಿಯೇ ಚೂರುಗಳನ್ನು ಎಸೆಯುತ್ತದೆ. ಬಾಯ್ಲರಿನ ಸುತ್ತ ಬಿಳಿಯ ನಾರಿನಂಥ ಹೊದಿಕೆ ಇದ್ದರೆ ಅದು ಆಸ್ಬೆಸ್ಟಾಸ್ ಆಗಿರಬಹುದು, ಕೆರೆಯಬೇಡಿ.

ಅರ್ಧಕ್ಕೆ ನಿಂತ ಎಂಜಿನ್ನನ್ನು ಮುಗಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮುಗಿದ ಮಾದರಿಯಲ್ಲಿ ತಯಾರಕರ ಕೈಕೆಲಸ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ. ಅರ್ಧವಾದದ್ದರಲ್ಲಿ ಗುರುತಿಗೆಂದು ನೀಲಿ ಬಳಿದು ಗೀರಿದ ಗೆರೆಗಳು, ಪಂಚ್ ಮಾಡಿದ ಚುಕ್ಕಿಗಳು, ಇನ್ನೂ ಅರ ಹಾಕಬೇಕಾಗಿದ್ದ ಅಂಚು ಎಲ್ಲವೂ ಕಾಣುತ್ತವೆ. ಫಿಟ್ಟರ್ ಕೆಲಸ ಕಲಿಯುವ ಹುಡುಗರಿಗೆ ಅದರಷ್ಟು ಉಪಯುಕ್ತವಾದ ಪಾಠ ಬೇರೆ ಇಲ್ಲ. ಮನೆಯವರಿಗೆ ಓಡುವ ಎಂಜಿನ್ನನ್ನು ನೋಡುವ ಆಸೆ ಬಲವಾಗಿದ್ದರೆ, ದೊಡ್ಡಪ್ಪನವರ ನಕ್ಷೆಯಿಂದ ಹೊಸದೊಂದನ್ನು ಕಟ್ಟಿಸಿ, ಕಟ್ಟಿದವರ ಹೆಸರನ್ನೂ ಇಸವಿಯನ್ನೂ ಅದರ ಮೇಲೆ ಕೆತ್ತಿಸಿ.