ಕಲಿಕೆ, ಸೇವೆ, ಭೂಮಿಯ ಕಾಳಜಿ ಮೂರೂ ಒಟ್ಟಿಗೆ ನಡೆಯುವ ವಿಶ್ವವಿದ್ಯಾಲಯ ಇದೆಯಾ?

ನಿಮ್ಮ ಪ್ರಶ್ನೆ ಇದು: ತಂಗಿ ಈ ವರ್ಷ ಪಿಯುಸಿ ಮುಗಿಸುತ್ತಾಳೆ, ಎಲ್ಲ ವಿಶ್ವವಿದ್ಯಾಲಯದವರೂ ಕಲಿಕೆ, ಸೇವೆ, ಪರಿಸರ ಅಂತ ಹೇಳುತ್ತಾರೆ, ಇವು ನಿಜವಾಗಿ ನಡೆಯುವ ಜಾಗ ಇದೆಯಾ, ಇದ್ದರೆ ಹೇಗೆ ನಡೆಯುತ್ತದೆ?

ಇದೆ. ನಾನು ಓದಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ, ಜಿಕೆವಿಕೆ ಆವರಣದಲ್ಲಿ, ಬಿ.ಎಸ್ಸಿ. ಕೃಷಿ. ಹಾಗಾಗಿ ನನಗೆ ಗೊತ್ತಿರುವ ಜಾಗದ ಬಗ್ಗೆಯೇ ಹೇಳುತ್ತೇನೆ. ನನ್ನ ಅನುಭವದಲ್ಲಿ ಈ ಮೂರೂ ಒಟ್ಟಿಗೆ ಬರುವುದು ಒಂದೇ ಸಂದರ್ಭದಲ್ಲಿ: ನೀವು ಕಲಿತದ್ದು ಸರಿಯೋ ತಪ್ಪೋ ಅನ್ನುವುದರ ಮೇಲೆ ಬೇರೆಯವರ ಬೆಳೆ ನಿಂತಿರುವಾಗ. ಪರೀಕ್ಷೆಯಲ್ಲಿ ತಪ್ಪು ಬರೆದರೆ ಹೋಗುವುದು ನಮ್ಮ ಅಂಕ. ಹೊಲದಲ್ಲಿ ತಪ್ಪು ಹೇಳಿದರೆ ಹೋಗುವುದು ಒಂದು ಮನೆಯ ವರ್ಷದ ರಾಗಿ.

ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಇದೆ, ನಾವೆಲ್ಲ ರಾವೆ ಅನ್ನುತ್ತೇವೆ. ವಿದ್ಯಾರ್ಥಿಗಳ ಗುಂಪು ಹಳ್ಳಿಯಲ್ಲೇ ತಿಂಗಳುಗಟ್ಟಲೆ ಉಳಿಯಬೇಕು. ಒಬ್ಬೊಬ್ಬರನ್ನು ಒಂದೊಂದು ರೈತ ಕುಟುಂಬದ ಜೊತೆ ಸೇರಿಸುತ್ತಾರೆ. ಬೆಳಿಗ್ಗೆ ಅವರ ಹೊಲ, ಸಂಜೆ ಊರಿನ ಕೆಲಸ. ನನಗೆ ಸಿಕ್ಕಿದ್ದು ಕೋಲಾರ ಕಡೆಯ ಒಂದು ಹಳ್ಳಿ.

ಅಲ್ಲಿ ಮೊದಲು ಮಾಡಿದ್ದು ಊರಿನ ನಕ್ಷೆ. ಅರಳಿಕಟ್ಟೆ ಮುಂದೆ ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ಬಿಡಿಸಬೇಕಾದವರು ನಾವಲ್ಲ, ಊರಿನವರು. ನಾವು ಸುಮ್ನೆ ಪುಡಿ ಕೊಡಬೇಕು, ಕೇಳಬೇಕು. ಒಬ್ಬರು ಕೆರೆ ಬಿಡಿಸಿದರು, ಇನ್ನೊಬ್ಬರು ಕೋಡಿ ಎಲ್ಲಿ ಅಂತ ತೋರಿಸಿದರು. ಆಮೇಲೆ ಒಬ್ಬ ಅಜ್ಜಿ ಬಗ್ಗಿ, ಈಗ ಸೈಟು ಆಗಿರುವ ಕಡೆ ನೀಲಿ ಪುಡಿಯಲ್ಲಿ ಒಂದು ಗೆರೆ ಎಳೆದು, "ಇಲ್ಲಿ ಕಾಲುವೆ ಇತ್ತು ಕಣಪ್ಪ, ಮಳೆ ನೀರೆಲ್ಲಾ ಇದ್ರಾಗೇ ಕೆರೆಗೆ ಹೋಗ್ತಿತ್ತು" ಅಂದರು. ಕೆರೆ ಯಾಕೆ ತುಂಬುತ್ತಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಜಲಾನಯನದ ಪಾಠವನ್ನು ಇಡೀ ಸೆಮಿಸ್ಟರ್ ಓದಿದ್ದೆವು. ಆದರೆ ನೀರಿನ ದಾರಿ ಮುಚ್ಚಿದರೆ ಏನಾಗುತ್ತದೆ ಅಂತ ನನ್ನ ತಲೆಗೆ ಹೋಗಿದ್ದು ಆ ನೀಲಿ ಗೆರೆ ನೋಡಿದ ಮೇಲೆ.

ಇನ್ನು ಮಣ್ಣು ಪರೀಕ್ಷೆ. ಕೇಳೋಕೆ ಸಣ್ಣ ಕೆಲಸ ಅನ್ನಿಸುತ್ತದೆ. ಹೊಲದ ತುಂಬ ಅಂಕುಡೊಂಕಾಗಿ ನಡೆದು, ಅಲ್ಲಲ್ಲಿ 'ವಿ' ಆಕಾರದ ಗುಂಡಿ ತೆಗೆದು, ಗೇಣುದ್ದ ಆಳದವರೆಗೆ ಒಂದು ಪದರ ಮಣ್ಣು ಕೆತ್ತಿ ತೆಗೆಯಬೇಕು. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಗೊಬ್ಬರ ಗುಡ್ಡೆ ಹಾಕಿದ್ದ ಕಡೆ ತೆಗೆಯಬಾರದು. ಎಲ್ಲ ಮಣ್ಣು ಗೋಣಿಚೀಲದ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಕಲಸಿ, ಅರ್ಧ ಕೆಜಿ ಉಳಿಯುವವರೆಗೂ ಹೀಗೇ ಮಾಡಬೇಕು. ಇದೆಲ್ಲ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ್ದು ಆಮೇಲೆ ಬರುತ್ತದೆ. ಫಲಿತಾಂಶದ ಕಾಗದ ಹಿಡಿದು ಹೋದಾಗ ರೈತರು ಕೇಳುವುದು ಒಂದೇ ಮಾತು: "ಹಂಗಾದ್ರೆ ಯೂರಿಯಾ ಎಷ್ಟು ಕಮ್ಮಿ ಮಾಡ್ಲಿ?" ಆ ಪ್ರಶ್ನೆಗೆ ಉತ್ತರ ಕೊಡುವಾಗ ನೀವು ಅವರ ದುಡ್ಡಿನ ಬಗ್ಗೆಯೂ ಮಾತಾಡುತ್ತಿದ್ದೀರಿ, ಮಣ್ಣಿನ ಆರೋಗ್ಯದ ಬಗ್ಗೆಯೂ ಮಾತಾಡುತ್ತಿದ್ದೀರಿ. ಎರಡನ್ನೂ ಬೇರೆ ಮಾಡೋಕೆ ಆಗಲ್ಲ.

ಕಲಿಸುವುದು ಒಂದೇ ಕಡೆಯಿಂದ ಅಂದುಕೊಳ್ಳಬೇಡಿ. ನಾವು ಬೀಜೋಪಚಾರ ತೋರಿಸಿದೆವು: ಬೆಲ್ಲದ ನೀರು ಚಿಮುಕಿಸಿ, ಅಜೋಸ್ಪಿರಿಲಂ (ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುವ ಬ್ಯಾಕ್ಟೀರಿಯಾ) ಪುಡಿ ಹಚ್ಚಿ, ನೆರಳಲ್ಲಿ ಒಣಗಿಸುವುದು. ಅದೇ ಮನೆಯ ಅಮ್ಮ ನಮಗೆ ಅವರೆ, ತೊಗರಿ ಬೀಜಕ್ಕೆ ಕೆಮ್ಮಣ್ಣು ಕಟ್ಟಿ ಹುಳ ಬೀಳದ ಹಾಗೆ ಇಡುವುದನ್ನು ತೋರಿಸಿದರು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದನ್ನೂ ಅವರಿಂದಲೇ ಕಲಿತೆ. ಒಂದಿಷ್ಟು ಸಾಲು ರಾಗಿ, ನಡುವೆ ಅವರೆ, ಅಲಸಂದೆ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಹೋದರೂ ಸಾರಿಗೆ ಕಾಳಾದರೂ ಸಿಗುತ್ತದೆ, ಮಣ್ಣಿಗೆ ಸಾರಜನಕವೂ ಸೇರುತ್ತದೆ.

ಇದು ಇವತ್ತಿನ ಮಾತಲ್ಲ. ವಿಶ್ವವಿದ್ಯಾಲಯ ಶುರುವಾಗಿದ್ದು 1964ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಹೆಬ್ಬಾಳದಲ್ಲಿ ಕೃಷಿ ಕ್ಷೇತ್ರ ಇತ್ತು, ಆಮೇಲೆ ಕೃಷಿ ಶಾಲೆ ಬಂತು. ಆ ಶಾಲೆಯ ಹಿಂದಿದ್ದವರು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗ ತಿಂದುಹಾಕುತ್ತಿದ್ದ ಕಾಲ ಅದು. ಅವರು ಆ ರೋಗವನ್ನು ಅಧ್ಯಯನ ಮಾಡಿ, ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ಬೆಳೆಗಾರರ ಕೈಗೆ ಕೊಟ್ಟರು. ಆ ದ್ರಾವಣ ಅಂದರೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡಬೇಕು, ಅದಕ್ಕೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇವತ್ತಿಗೂ ತೋಟಗಳಲ್ಲಿ ಹೀಗೇ ಮಾಡುತ್ತಾರೆ. ಹಾಗೇ ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯ ಅವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದರು. ರಾಗಿ ಹೂವು ಎಷ್ಟು ಚಿಕ್ಕದು ಅಂತ ಒಮ್ಮೆ ನೋಡಿದರೆ ಆ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕಾಗಿತ್ತು ಅಂತ ಗೊತ್ತಾಗುತ್ತದೆ. ನನಗೆ ಇವರ ಮೇಲೆ ತುಂಬಾ ಗೌರವ.

ಬೇರೆ ಪದವಿಗಳಲ್ಲಿ ಇದು ಸಾಧ್ಯವೇ ಇಲ್ಲ ಅಂತ ಹೇಳುತ್ತಿಲ್ಲ. ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಎಲ್ಲ ಕಡೆ ಇದೆ. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದಾಗ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಗಿದ್ದು. ಏಳು ದಿನದ ಶಿಬಿರದಲ್ಲಿ ಒಳ್ಳೆ ಕೆಲಸ ಆಗುತ್ತದೆ, ನಗರದಲ್ಲೇ ಬೆಳೆದ ಮಕ್ಕಳು ಮೊದಲ ಸಲ ಗುದ್ದಲಿ ಹಿಡಿಯುವುದೂ ಅಲ್ಲೇ. ಆದರೆ ಏಳು ದಿನದಲ್ಲಿ ಬಿತ್ತನೆಯೂ ಕಾಣಲ್ಲ, ಕೊಯ್ಲೂ ಕಾಣಲ್ಲ. ಜೂನ್‌ನಲ್ಲಿ ನೆಟ್ಟ ಸಸಿಗೆ ಮಾರ್ಚ್‌ನಲ್ಲಿ ನೀರು ಹಾಕುವವರು ಯಾರು ಅಂತ ಮೊದಲೇ ಗೊತ್ತಿರಬೇಕು. ಅದು ಗೊತ್ತಿಲ್ಲದ ಕಡೆ ಪರಿಸರ ದಿನಾಚರಣೆ ಮಾಡಿ ಏನೂ ಉಪಯೋಗ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರಾವೆಯಲ್ಲೂ ಒಂದು ಕೊರತೆ ಇದೆ, ನನಗೆ ಇವತ್ತಿಗೂ ಬೇಜಾರು. ಮುಂದಿನ ವರ್ಷದ ಗುಂಪು ಬೇರೆ ಹಳ್ಳಿಗೆ ಹೋದರೆ, ನಾವು ತೋರಿಸಿದ್ದು ಅಲ್ಲಿ ಉಳಿಯಿತಾ ಇಲ್ಲವಾ ಅಂತ ನೋಡುವವರಿರಲ್ಲ. ಒಂದೇ ಊರಿಗೆ ಮೂರು ನಾಲ್ಕು ವರ್ಷ ಬೇರೆ ಬೇರೆ ಬ್ಯಾಚಿನವರು ಹೋಗಿಬಂದರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ?

ಹಾಗಾಗಿ ತಂಗಿಯನ್ನು ಕರೆದುಕೊಂಡು ಯಾವುದೇ ವಿಶ್ವವಿದ್ಯಾಲಯ ನೋಡಲು ಹೋದರೂ ಕಟ್ಟಡ ಆಮೇಲೆ ನೋಡಿ. ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ: ಹಾಸ್ಟೆಲಿನ ಕೊಳಕು ನೀರು, ಮೆಸ್ಸಿನ ಕಸ ಎಲ್ಲಿಗೆ ಹೋಗುತ್ತದೆ? ನೀವು ಕೆಲಸ ಮಾಡಿದ ಊರಿಗೆ ಮತ್ತೆ ಹೋಗಿದ್ದೀರಾ? ಸಮೀಕ್ಷೆ ಮಾಡಿದ್ದರ ಫಲಿತಾಂಶವನ್ನು ಊರಿನವರಿಗೆ ಓದಿ ಹೇಳಿದಿರಾ? ಉತ್ತರ ಕೊಡುವಾಗ ಅವರ ಮುಖ ನೋಡಿದರೇ ಗೊತ್ತಾಗುತ್ತದೆ.

ಕೃಷಿಯೇ ಬೇಕು ಅನ್ನಿಸಿದರೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಸರ್ಕಾರಿ ಸೀಟು ಸಿಇಟಿ ಮೂಲಕ. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಜಿಕೆವಿಕೆಯಲ್ಲಿ ಕೃಷಿ ಮೇಳ ಇರುತ್ತದೆ, ಬಳ್ಳಾರಿ ರಸ್ತೆಯಲ್ಲಿ ಬಸ್ ಇಳಿದು ಹೋಗಬಹುದು. ಮಳಿಗೆಗಳ ಕಡೆ ಜನ ಜಾಸ್ತಿ, ನೀವು ನೇರವಾಗಿ ಬೆಳೆ ತಾಕುಗಳ ಕಡೆ ಹೋಗಿ. ಅಲ್ಲಿ ವಿದ್ಯಾರ್ಥಿಗಳು ಸಿಗುತ್ತಾರೆ, ಅವರ ಹತ್ತಿರ ರಾವೆ ಬಗ್ಗೆ ಕೇಳಿ.